40 ಜನ ಸ್ವಯಂಸೇವಕರಿಗೆ ಎಷ್ಟು ತಂಡ ಮಾಡಬೇಕು?

ಒಟ್ಟು 40 ಜನ, ಏಳು ತಂಡ, ತಂಡಕ್ಕೆ ಇಬ್ಬರು ಸಂಚಾಲಕರು. ಆದರೂ ಕೆಲಸ ಮಾಡುವುದು ಅದೇ ನಾಲ್ಕು ಜನ. ಇನ್ನೂ ಎರಡು ತಂಡ ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಎಲ್ಲ ತಂಡದಲ್ಲೂ ತಾನಿರಬೇಕು ಅನ್ನುವ ಒಬ್ಬ ಹಿರಿಯರನ್ನು ಏನು ಮಾಡುವುದು ಅಂತಲೂ ಕೇಳಿದ್ದೀರಿ. ಹಿರಿಯರ ವಿಷಯ ಆಮೇಲೆ. ತಂಡ ಜಾಸ್ತಿ ಮಾಡಿದರೆ ಖಂಡಿತ ಸರಿಹೋಗುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಆ "ಇಬ್ಬರು ಸಂಚಾಲಕರು" ಅನ್ನುವಲ್ಲಿ. ನಮ್ಮಲ್ಲೂ ಅದೇ ಇತ್ತು. ತಂದವನು ನಾನೇ.

ನಮ್ಮದು ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಸಣ್ಣ ಸಂಸ್ಥೆ. ಶುರುವಿನಲ್ಲಿ ಬೆರಳೆಣಿಕೆಯ ಜನ. ಯಾರಿಗೆ ಯಾವ ಕೆಲಸ ಅಂತ ಎಲ್ಲೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಪಾಠ ಮುಗಿದ ಮೇಲೆ ನಿಂತಲ್ಲೇ ಮಾತಾಡಿದರೆ ಎಲ್ಲ ತೀರ್ಮಾನ ಆಗಿಬಿಡುತ್ತಿತ್ತು. ಜನ ಜಾಸ್ತಿಯಾದ ಮೇಲೆ ಮಾತೇ ಒಂದು ಕೆಲಸವಾಯಿತು. ಲೆಕ್ಕ ಹಾಕಿ ನೋಡಿ. ನಾಲ್ಕು ಜನರಿದ್ದರೆ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದ ಜೋಡಿಗಳು 6. ಎಂಟು ಜನರಾದರೆ 28. ಹನ್ನೆರಡಾದರೆ 66. ಜನ ಮೂರು ಪಟ್ಟಾದರೆ ಮಾತು ಹನ್ನೊಂದು ಪಟ್ಟು! ಹಾಗಾಗಿ ತಂಡ ಮಾಡಲೇಬೇಕಿತ್ತು. ಅಲ್ಲಿಯವರೆಗೆ ಸರಿಯಾಗಿಯೇ ಯೋಚಿಸಿದ್ದೆವು.

ಸಭೆ ಕರೆದೆವು. ಪಾಠ, ಪ್ರಚಾರ, ಹಣಕಾಸು, ಸಾಮಗ್ರಿ, ಕಾರ್ಯಕ್ರಮ ಅಂತ ತಂಡಗಳಾದವು. ಎಲ್ಲೂ ಸೇರದೆ ಉಳಿದಿದ್ದಕ್ಕೆಲ್ಲ "ವ್ಯವಸ್ಥೆ" ಅಂತ ಇನ್ನೊಂದು ತಂಡ. ಅದರಲ್ಲಿ ಏನೇನು ಬರುತ್ತದೆ ಅಂತ ಯಾರೂ ಕೇಳಲಿಲ್ಲ. ಆಮೇಲೆ ಸಂಚಾಲಕರ ಪ್ರಶ್ನೆ ಬಂತು. ಹಿರಿಯರನ್ನು ಬಿಟ್ಟರೆ ಅವರಿಗೆ ಬೇಸರ. ಹುಡುಗರನ್ನು ಬಿಟ್ಟರೆ ಮುಂದಿನ ವಾರದಿಂದ ಅವರು ಬರುವುದೇ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಪ್ರತಿ ತಂಡಕ್ಕೂ ಒಬ್ಬ ಹಿರಿಯರು, ಒಬ್ಬ ಕಿರಿಯರು ಅಂತ ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರ ಮುಖವೂ ಸಣ್ಣದಾಗಲಿಲ್ಲ ಅಂತ ನನಗೂ ಒಳಗೊಳಗೇ ಖುಷಿ.

ಪಾಠ ನಡೆಯುತ್ತಿದ್ದದ್ದು ಒಂದು ಶಾಲೆಯ ಕೊಠಡಿಯಲ್ಲಿ. ಅವರು ಅದನ್ನು ಸುಮ್ನೆ ಕೊಟ್ಟಿದ್ದರು. ಆದರೆ ಪ್ರತಿ ವರ್ಷ ಒಂದು ಪತ್ರ ಕೊಡಬೇಕಿತ್ತು: ಯಾವ ದಿನ, ಎಷ್ಟು ಗಂಟೆಗೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ. ಒಂದು ಪುಟದ ಪತ್ರ, ಅಷ್ಟೇ. ಗಡುವು ಹತ್ತಿರ ಬಂದಾಗ ನಾನು ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ: "ಕೊಠಡಿಯ ಅನುಮತಿ ಈ ತಿಂಗಳು ಮುಗಿಯುತ್ತದೆ. ವ್ಯವಸ್ಥೆ ತಂಡದವರು ದಯವಿಟ್ಟು ಗಮನಿಸಿ." ಇಬ್ಬರು ಸಂಚಾಲಕರೂ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ತಂಡಕ್ಕೆ ಸೇರದವರೂ ಒಂದಿಷ್ಟು ಜನ ಹಾಕಿದರು. ನಾನು ನನ್ನ ಪುಸ್ತಕದಲ್ಲಿ ಆ ಸಾಲಿನ ಮುಂದೆ ಸರಿ ಗುರುತು ಹಾಕಿಕೊಂಡೆ.

ಪತ್ರ ಹೋಗಲಿಲ್ಲ. ಸಮಯಕ್ಕೆ ಸರಿಯಾಗಿ ಪತ್ರ ಕೊಟ್ಟ ಬೇರೆ ಗುಂಪಿಗೆ ಕೊಠಡಿ ಹೋಯಿತು. ನಮಗೆ ಗೊತ್ತಾಗಿದ್ದು ಒಂದು ಸಂಜೆ, ಮಕ್ಕಳು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಗ. ಒಳಗೆ ಯಾರೋ ಕುರ್ಚಿ ಜೋಡಿಸುತ್ತಿದ್ದರು. ಶಾಲೆಯವರದ್ದು ಏನೂ ತಪ್ಪಿಲ್ಲ, ಕೊಟ್ಟವರಿಗೆ ಕೊಟ್ಟರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಇಂಥದ್ದು ಆದಾಗಲೆಲ್ಲ ಜನ "ಸಂವಹನ ಸರಿಯಿರಲಿಲ್ಲ" ಅಂತ ತೇಲಿಸಿಬಿಡುತ್ತಾರೆ. ಸಂವಹನಕ್ಕೆ ಏನಾಗಿತ್ತು? ಸಂದೇಶ ಹೋಗಿತ್ತು. ಓದಿದ್ದರು. ಉತ್ತರವೂ ಬಂದಿತ್ತು. ಆಮೇಲೆ ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಕೂತು ಮಾತಾಡಿದೆ. ಹಿರಿಯರು ಹೇಳಿದರು, "ಪತ್ರ ಟೈಪ್ ಮಾಡೋದೆಲ್ಲ ಹುಡುಗನದ್ದು, ಅವನು ತಂದರೆ ಸಹಿ ಹಾಕೋಣ ಅಂತ ಕಾಯ್ತಾ ಇದ್ದೆ." ಹುಡುಗ ಹೇಳಿದ, "ಹೆಡ್‌ಮಾಸ್ಟರ್ ಸರ್‌ಗೆ ಅವರೇ ಪರಿಚಯ. ಅವರನ್ನ ಬಿಟ್ಟು ನಾನು ಹೋದ್ರೆ ಅವರಿಗೆ ಬೇಜಾರಾಗಲ್ವಾ?" ಇಬ್ಬರ ಮಾತಿನಲ್ಲೂ ಸೋಮಾರಿತನ ಕಾಣಲಿಲ್ಲ. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಸುಮ್ಮನಿದ್ದರು. ಇಬ್ಬರಲ್ಲಿ ಯಾರೊಬ್ಬರಿಗೆ ಹೇಳಿದ್ದರೂ ಮಾರನೇ ದಿನವೇ ಪತ್ರ ತಲುಪುತ್ತಿತ್ತು ಅಂತ ನನಗೆ ಈಗಲೂ ಖಾತ್ರಿ ಇದೆ. ಇಬ್ಬರಿಗೂ ಹೇಳಿದ್ದರಿಂದ ಹೋಗಲಿಲ್ಲ. ಓದಿದ್ದೇವೆ ಅಂತ ಅವರು ಹಾಕಿದ ಹೆಬ್ಬೆರಳನ್ನು ಮಾಡುತ್ತೇವೆ ಅಂತ ನಾನು ಓದಿಕೊಂಡೆ. ನಡುವೆ ಒಮ್ಮೆ ನೆನಪಿಸಿದ್ದೆ ಕೂಡ, ಅದನ್ನೂ ಇಬ್ಬರಿಗೂ ಒಟ್ಟಿಗೆ. ನಾನು ಎಚ್ಚರಿಸುತ್ತಿರುವುದು ಇನ್ನೊಬ್ಬರನ್ನು ಅಂತ ಇಬ್ಬರೂ ಅಂದುಕೊಂಡರು.

ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಅಂತ ಒಬ್ಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳತೆ ಮಾಡಿದ್ದ. 1913ರಲ್ಲಿ ಅದು ಪ್ರಕಟವಾಯಿತು. ಜನ ಸೇರುತ್ತಾ ಹೋದಂತೆ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತಾ ಹೋಗುತ್ತದೆ. ಎಂಟು ಜನರಾದಾಗ ತಲಾ ಎಳೆತ ಒಬ್ಬನೇ ಎಳೆಯುವಾಗಿನ ಅರ್ಧದ ಆಸುಪಾಸಿಗೆ ಇಳಿದಿತ್ತು. ನಿಮ್ಮ 40 ಜನರಲ್ಲಿ 36 ಜನ ಮೈಗಳ್ಳರು ಅಂತ ನಿಮಗೆ ಅನ್ನಿಸುತ್ತಿದ್ದರೆ ಈ ಹಗ್ಗ ನೆನಪಿಟ್ಟುಕೊಳ್ಳಿ. ಅವರ ಕೈಗೆ ಯಾರೂ ಅವರದ್ದೇ ಅಂತ ಒಂದು ಕೆಲಸ ಕೊಟ್ಟಿಲ್ಲ, ಬಹುಶಃ ಅಷ್ಟೇ.

ಕೊನೆಗೆ ಬೇರೆ ಜಾಗ ಸಿಕ್ಕಿತು, ದೂರದಲ್ಲಿ. ಚಿಕ್ಕ ಮಕ್ಕಳನ್ನು ಅಷ್ಟು ದೂರ ಕಳಿಸಲು ಮನೆಯವರು ಒಪ್ಪಲಿಲ್ಲ. ಆ ಹಿರಿಯರು ಬರುವುದು ನಿಲ್ಲಿಸಿದರು. ಹುಡುಗ ಇನ್ನೂ ಸ್ವಲ್ಪ ದಿನ ಬಂದು, ಪರೀಕ್ಷೆ ಅಂತ ಹೇಳಿ ಹೋದವನು ಮತ್ತೆ ಬರಲಿಲ್ಲ. ಒಂದು ಪುಟದ ಪತ್ರಕ್ಕೆ ಇಷ್ಟು ದಂಡ ತೆತ್ತೆವು.

ಹಾಗಾಗಿ "ಎಷ್ಟು ತಂಡ" ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ ಅಂತೀನಿ. ಒಂದು ಹಾಳೆ ತೆಗೆದುಕೊಂಡು ನಿಮ್ಮಲ್ಲಿ ನಿಜಕ್ಕೂ ನಡೆಯುವ ಕೆಲಸಗಳನ್ನು ಬರೆಯಿರಿ. "ಪ್ರಚಾರ" ಅಂತ ಬರೆದರೆ ಅದು ಕೆಲಸ ಅಲ್ಲ, ಇಲಾಖೆ. "ಪ್ರತಿ ತಿಂಗಳ ಪೋಸ್ಟರ್ ಮಾಡಿಸಿ ಅಂಟಿಸುವುದು" ಅಂದರೆ ಕೆಲಸ. ಪ್ರತಿ ಕೆಲಸದ ಮುಂದೆ ಒಂದೇ ಒಂದು ಹೆಸರು ಮತ್ತು ತಾರೀಕು. ಹೆಸರು ಸಿಗದ ಕೆಲಸ ಇದ್ದರೆ ಆ ಕೆಲಸ ಸದ್ಯಕ್ಕೆ ಇಲ್ಲ ಅಂತ ಸಭೆಯಲ್ಲೇ ಒಪ್ಪಿಕೊಳ್ಳಿ. ಇದು ಕಷ್ಟ, ಗೊತ್ತು. ನಾವು ವಾರ್ಷಿಕೋತ್ಸವವನ್ನೇ ಹೀಗೆ ಕೈಬಿಟ್ಟೆವು. ಆಕಾಶವೇನೂ ಬೀಳಲಿಲ್ಲ. ಹಾಳೆ ತುಂಬಿದ ಮೇಲೆ ಯಾವ ಕೆಲಸಗಳು ಒಂದಕ್ಕೊಂದು ಅಂಟಿಕೊಂಡಿವೆ ಅಂತ ಕಾಣುತ್ತದೆ. ತಂಡ ಅಲ್ಲಿ ತಾನಾಗಿ ಹುಟ್ಟುತ್ತದೆ.

ಬೆಂಕಿ ಆರಿಸುವವರು ಇದನ್ನು ನಮಗಿಂತ ಮೊದಲೇ ಕಲಿತಿದ್ದಾರೆ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಕಾಳ್ಗಿಚ್ಚು ಹಬ್ಬಿದಾಗ ಬೇರೆ ಬೇರೆ ಇಲಾಖೆಯವರು ಬಂದು, ಯಾರು ಯಾರ ಮಾತು ಕೇಳಬೇಕು ಅಂತ ಗೊತ್ತಾಗದೆ ಒದ್ದಾಡಿದರು. ಅದಾದ ಮೇಲೆ ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್ ಅನ್ನುವ ಪದ್ಧತಿ ಬಂತು. ಅದರಲ್ಲಿ ಒಬ್ಬರಿಗೆ ಒಬ್ಬರೇ ಮೇಲಿನವರು. ಒಬ್ಬರ ಕೈಕೆಳಗೆ ಮೂರರಿಂದ ಏಳು ಜನ, ಐದಾದರೆ ಒಳ್ಳೆಯದು. ನನಗೆ ತುಂಬಾ ಇಷ್ಟವಾದ ನಿಯಮ ಬೇರೆ ಇದೆ: ಅಗತ್ಯ ಬಿದ್ದ ಹುದ್ದೆಯನ್ನು ಮಾತ್ರ ತುಂಬುತ್ತಾರೆ, ತುಂಬದ ಹುದ್ದೆಯ ಹೊಣೆ ಮೇಲಿನವರ ತಲೆಯ ಮೇಲೇ ಇರುತ್ತದೆ. ಅಂದರೆ "ಯಾರದ್ದೂ ಅಲ್ಲ" ಅನ್ನುವ ಕೆಲಸಕ್ಕೆ ಅಲ್ಲಿ ಜಾಗವೇ ಇಲ್ಲ. ನಮ್ಮ ಪಾಠಶಾಲೆಗೆ ಅಷ್ಟೆಲ್ಲ ಶಿಸ್ತು ಬೇಡ ಅಲ್ವಾ ಅಂತ ಕೇಳಬಹುದು. ಬೇಡ. ಈ ನಿಯಮಗಳನ್ನಷ್ಟೇ ತೆಗೆದುಕೊಂಡರೆ ಸಾಕು.

ಇಬ್ಬರು ಬೇಕೇ ಬೇಕಾದ ಜಾಗಗಳೂ ಇವೆ, ಅದನ್ನೂ ಹೇಳಿಬಿಡುತ್ತೇನೆ. ಬ್ಯಾಂಕ್ ಖಾತೆಗೆ ಎರಡು ಸಹಿ ಇರಲಿ. ಖರ್ಚು ಮಾಡುವವರೇ ಲೆಕ್ಕ ಬರೆಯುವುದು ಬೇಡ. ಮಕ್ಕಳ ಜೊತೆ ಒಬ್ಬರೇ ದೊಡ್ಡವರು ಇರುವುದು ಬೇಡ, ಎಷ್ಟೇ ನಂಬಿಕಸ್ಥರಾಗಿರಲಿ. ಇಲ್ಲೆಲ್ಲ ಎರಡನೆಯವರು ಇರುವುದು ನೋಡಿಕೊಳ್ಳಲು. ಹೊಣೆ ಹಂಚಿಕೊಳ್ಳಲು ಅಲ್ಲ. ಲೆಕ್ಕ ತಪ್ಪಿದರೆ ಕೇಳುವುದು ಖಜಾಂಚಿಯನ್ನೇ.

ಹೆಸರು ಬರೆದ ಮೇಲೆ ಅವಧಿಯನ್ನೂ ಬರೆಯಿರಿ. ನಮ್ಮಲ್ಲಿ ಆರು ತಿಂಗಳು. ಕೊನೆಯಿಲ್ಲದ ಕೆಲಸ ಅಂದರೆ ಒಳ್ಳೆಯವರೂ ಹಿಂಜರಿಯುತ್ತಾರೆ. ಬಿಡುವ ದಿನ ಮೊದಲೇ ಗೊತ್ತಿದ್ದರೆ ಧೈರ್ಯವಾಗಿ ಒಪ್ಪಿಕೊಳ್ಳುತ್ತಾರೆ, ಬೇಕಿದ್ದರೆ ಮುಂದುವರಿಯುತ್ತಾರೆ. ಬಿಡುವವರು ತಮ್ಮ ಕೆಲಸವನ್ನು ಒಂದು ಪುಟದಲ್ಲಿ ಬರೆದುಕೊಟ್ಟು ಹೋಗಬೇಕು. ಕೊಠಡಿಯ ಪುಟದಲ್ಲಿ ಈಗ ಪತ್ರದ ನಕಲು, ಕೊಡಬೇಕಾದ ತಾರೀಕು, ಯಾರನ್ನು ಕಾಣಬೇಕು, ಎಲ್ಲ ಇದೆ.

ಇನ್ನು ನಿಮ್ಮ ಹಿರಿಯರು. ಅವರನ್ನು ಯಾವುದಾದರೂ ಸಲಹಾ ಸಮಿತಿಗೆ ಹಾಕಿ ಬದಿಗೆ ಕೂರಿಸಿ ಅಂತ ಬಹಳ ಜನ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ಅವರಿಗೂ ಅರ್ಥವಾಗುತ್ತದೆ. ಆ ಹಾಳೆಯನ್ನೇ ಅವರ ಮುಂದಿಟ್ಟು, "ಸರ್, ಇದರಲ್ಲಿ ಯಾವುದರ ಮುಂದೆ ನಿಮ್ಮ ಹೆಸರು ಬರೆಯಲಿ?" ಅಂತ ಕೇಳಿ. ನಮ್ಮಲ್ಲಿ ಹೀಗೆ ಕೇಳಿದಾಗ ಒಬ್ಬರು ಬಹಳ ಹೊತ್ತು ಹಾಳೆ ನೋಡಿ ಹಾಜರಿ ಪುಸ್ತಕ ಆರಿಸಿಕೊಂಡರು. ಈಗ ಯಾವ ಮಗು ಸತತ ಎರಡು ದಿನ ಬರದಿದ್ದರೂ ಮನೆಗೆ ಅವರದ್ದೇ ಫೋನ್ ಹೋಗುತ್ತದೆ. ಪೋಸ್ಟರಿನ ಬಣ್ಣದ ಬಗ್ಗೆ ಮಾತ್ರ ಇವತ್ತಿಗೂ ಅಭಿಪ್ರಾಯ ಹೇಳುತ್ತಾರೆ. ಪೋಸ್ಟರ್ ಮಾಡುವ ಹುಡುಗಿ ಎಲ್ಲ ಕೇಳಿಸಿಕೊಂಡು ತನಗೆ ಬೇಕಾದ ಬಣ್ಣ ಹಾಕುತ್ತಾಳೆ.