ಹಣದ ಮಾತು: ಕೈಗೆ ಬರೋದೆಷ್ಟು, ಕೈಬಿಟ್ಟು ಹೋಗೋದೆಷ್ಟು?

ಪ್ರಶ್ನೆ: ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ. 1 ಲಕ್ಷ ಇಟ್ಟುಕೊಂಡು ನಿಫ್ಟಿ ಆಪ್ಷನ್ (ಷೇರು ಸೂಚ್ಯಂಕ ನಿಫ್ಟಿಯ ಏರಿಳಿತದ ಮೇಲಿನ ಗಡುವುಳ್ಳ ಒಪ್ಪಂದ) ಕೊಳ್ಳುತ್ತೇನೆ. ಸ್ಟಾಪ್‌ಲಾಸ್ (ಬೆಲೆ ಇಂತಿಷ್ಟಕ್ಕೆ ಇಳಿದರೆ ಮಾರುವ ಆರ್ಡರ್) ಹಾಕಿದರೂ ನಷ್ಟ ಲೆಕ್ಕ ಮೀರುತ್ತದೆ. ಇಳಿದಾಗ ಇನ್ನೊಂದು ಲಾಟ್ (ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಕಟ್ಟು) ಕೊಂಡು ಆವರೇಜ್ ಮಾಡಬಹುದೇ, ಅಂದರೆ ಸರಾಸರಿ ಖರೀದಿ ಬೆಲೆ ಇಳಿಸಬಹುದೇ?
(ಹೆಸರು ಬೇಡ, ತುಮಕೂರು)

ಉತ್ತರ: ಆವರೇಜ್ ಬೇಡವೇ ಬೇಡ. ಷೇರು ಇಳಿದರೆ ವರ್ಷಗಟ್ಟಲೆ ಕಾಯಬಹುದು, ಆಪ್ಷನ್‌ಗೆ ಗಡುವಿದೆ. ನಿಫ್ಟಿ ಕದಲದಿದ್ದರೂ ಪ್ರೀಮಿಯಂ (ಆಪ್ಷನ್‌ನ ಬೆಲೆ) ಕರಗುತ್ತದೆ. ಮಂಗಳವಾರದ ಎಕ್ಸ್‌ಪೈರಿ (ಗಡುವು ಮುಗಿಯುವ ದಿನ) ಹತ್ತಿರವಾದಷ್ಟೂ ಬೇಗ.

ನಷ್ಟದ ಮಿತಿ ಮೊದಲು, ಖರೀದಿ ಆಮೇಲೆ. ಒಂದು ವಹಿವಾಟಿಗೆ ಬಂಡವಾಳದ 2%, ಅಂದರೆ 2,000 ರೂ. ಸಾಕು. ಈಗಿನ ಲಾಟ್ 65 ಯೂನಿಟ್. ಭಾಗಿಸಿದರೆ ಸುಮಾರು 30 ಪಾಯಿಂಟ್ (ಯೂನಿಟ್‌ಗೆ 30 ರೂ.). 120ಕ್ಕೆ ಕೊಂಡಿದ್ದನ್ನು 90ಕ್ಕೆ ಬಿಡಬೇಕು. ಆ ಆಪ್ಷನ್ ಬೆಲೆ ಮಾಮೂಲಿಯಾಗೇ 40-50 ಪಾಯಿಂಟ್ ಏರಿಳಿಯುತ್ತಿದ್ದರೆ ಅದು ನಿಮ್ಮ ಬಂಡವಾಳಕ್ಕೆ ಹೊಂದುವುದಿಲ್ಲ, ಕೈಹಾಕಬೇಡಿ.

ಸ್ಟಾಪ್‌ಲಾಸ್ ಕೈಕೊಡಲು ಕಾರಣ ಇದು: ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಆಪ್ಷನ್‌ಗಳಲ್ಲಿ ಸಿಕ್ಕ ಬೆಲೆಗೆ ಮಾರುವ ಎಸ್‌ಎಲ್-ಎಂ ಆರ್ಡರ್ ಇಲ್ಲ, ಇದಕ್ಕಿಂತ ಕಡಿಮೆಗೆ ಮಾರಬೇಡ ಎನ್ನುವ ಲಿಮಿಟ್ ಬೆಲೆ ಕೊಡಲೇಬೇಕು. ಟ್ರಿಗರ್ (ಆರ್ಡರ್ ಚಾಲೂ ಆಗುವ ಬೆಲೆ) 90, ಲಿಮಿಟ್ 89.90 ಇಟ್ಟರೆ, ಬೆಲೆ ಒಮ್ಮೆಲೇ 85ಕ್ಕೆ ಬಿದ್ದಾಗ ಆರ್ಡರ್ ಅಲ್ಲೇ ಕೂತಿರುತ್ತದೆ. ಟ್ರಿಗರ್ 95, ಲಿಮಿಟ್ 90 ಇಡಿ. ಅದನ್ನೂ ದಾಟಿ ಬಿದ್ದರೆ ಕಾಯದೆ ಆರ್ಡರ್ ತಿದ್ದಿ ಹೊರಬನ್ನಿ. ಸಂಜೆಗೆ ಆ ಆರ್ಡರ್ ರದ್ದಾಗುವುದರಿಂದ, ರಾತ್ರಿ ಇಟ್ಟುಕೊಂಡರೆ ಪೂರ್ತಿ 7,800 ರೂ. ಅಪಾಯದಲ್ಲಿದೆ ಎಂದೇ ಎಣಿಸಿ.

ಷೇರುಪೇಟೆ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗೆ ಎಫ್ ಆಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವಹಿವಾಟಿನಲ್ಲಿ 93% ಸಾಮಾನ್ಯ ಹೂಡಿಕೆದಾರರು ನಷ್ಟ ಕಂಡಿದ್ದಾರೆ. ದಯವಿಟ್ಟು ಚೀಟಿ ಎತ್ತಿದ ದುಡ್ಡು, ಒಡವೆ ಅಡವಿಟ್ಟ ದುಡ್ಡು ಇಲ್ಲಿಗೆ ತರಬೇಡಿ. ಈ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲೂ ಆಗದು; ಆದಾಯ ತೆರಿಗೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿದರೆ ಮಾತ್ರ 8 ವರ್ಷ ಮುಂದಕ್ಕೆ ಒಯ್ಯಬಹುದು.

ಪ್ರಶ್ನೆ: ಈಗ ಕೈಗೆ 26,000 ಬರುತ್ತಿದೆ. ನರಸಾಪುರ ಕೈಗಾರಿಕಾ ಪ್ರದೇಶದ ಕಂಪನಿಯೊಂದು ವರ್ಷಕ್ಕೆ 4.2 ಲಕ್ಷ ಸಿಟಿಸಿ (ನನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಹೇಳಿದೆ. ಒಪ್ಪಲೇ?
(ಓದುಗರು, ಕೋಲಾರ)

ಉತ್ತರ: ತಿಂಗಳಿಗೆ 35,000 ಎಂದು ಖುಷಿಪಡುವ ಮುನ್ನ ವಿವರಪಟ್ಟಿ ಕೇಳಿ ಪಡೆಯಿರಿ. ಬೇಸಿಕ್ 17,500 ಇದ್ದು, ವರ್ಷಕ್ಕೆ 36,000 ಪರ್ಫಾರ್ಮೆನ್ಸ್ ಪೇ ಸೇರಿದ್ದರೆ ಲೆಕ್ಕ ಹೀಗೆ: 35,000ದಲ್ಲಿ ಕಂಪನಿ ಪಾಲಿನ ಪಿಎಫ್ 1,800, ಗ್ರಾಚ್ಯುಟಿ (ಬೇಸಿಕ್‌ನ 4.81%) 842, ಪರ್ಫಾರ್ಮೆನ್ಸ್ ಪೇ 3,000 ಹೋಗಿ ಗ್ರಾಸ್ (ನಿಮ್ಮ ಕಡಿತಗಳಿಗೆ ಮುಂಚಿನ ಸಂಬಳ) 29,358. ನಿಮ್ಮ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ 27,358. ಹೆಚ್ಚಾಗಿದ್ದು ಬರೀ 1,358 ರೂ.; ಕಂಪನಿ ಬಸ್ಸಿಲ್ಲದಿದ್ದರೆ ಪೆಟ್ರೋಲಿಗೇ ಸರಿ.

ಆದ್ದರಿಂದ ಸಿಟಿಸಿ ಬಿಟ್ಟು ಗ್ರಾಸ್ ಮೇಲೆ ಮಾತಾಡಿ. "ಸಾರ್, ಕೈಗೆ 31,000 ಬರಬೇಕಾದರೆ ಗ್ರಾಸ್ 33,000 ಆಗಬೇಕು, ಅಷ್ಟು ಮಾಡಿಕೊಡಿ" ಎಂದು ಹೇಳಿ ಉತ್ತರಕ್ಕೆ ಕಾಯಿರಿ. ಸುಮ್ಮನಿರಲಾಗದೆ ನೀವೇ ಕಡಿಮೆ ಮಾಡಿ ಹೇಳಬೇಡಿ. ಬಜೆಟ್ ಇಲ್ಲ ಎಂದರೆ ಪರ್ಫಾರ್ಮೆನ್ಸ್ ಪೇಯ ಆ 3,000ವನ್ನು ಫಿಕ್ಸೆಡ್‌ಗೆ ಸೇರಿಸಲು ಕೇಳಿ. ಬೇಸಿಕ್ ಹಾಗೇ ಉಳಿದರೆ ಕಂಪನಿಯ ಸಿಟಿಸಿ ಅಷ್ಟೇ ಇರುತ್ತದೆ, ನಿಮ್ಮ ಕೈಗೆ 30,358 ಬರುತ್ತದೆ. ಎಚ್‌ಆರ್ ಇದಕ್ಕೆ ಒಪ್ಪುವ ಸಾಧ್ಯತೆ ಹೆಚ್ಚು. ಬಾಂಡ್, ನೋಟಿಸ್ ಅವಧಿಯನ್ನೂ ಆಗಲೇ ವಿಚಾರಿಸಿ. ಮಾತಾದದ್ದೆಲ್ಲ ಆಫರ್ ಲೆಟರ್‌ನಲ್ಲಿ ಬರುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.