ವರ್ಗ 1 ಅಂತ ಹಗ್ಗ ಬಿಗಿದು ಕೂರಬೇಡಿ

ಸರ್, ಕಟ್ಟೆಗೆ ಕಟ್ಟಿದ ನಿಮ್ಮ ದೋಣಿಯ ಫೋಟೋ ನೋಡಿದೆ. ನಾಲ್ಕೂ ಮೂಲೆಗೆ ಹಗ್ಗ, ಒಂದಿಂಚೂ ಅಲುಗಾಡದ ಹಾಗೆ ಬಿಗಿದಿದ್ದೀರಿ. ಕೆಳಗೆ "ವರ್ಗ 1ರ ಹರಿಕೇನ್ ಅಷ್ಟೇ, ರಾತ್ರಿ ದೋಣಿಯಲ್ಲೇ ಇರ್ತೀನಿ" ಅಂತ ಬೇರೆ ಬರೆದಿದ್ದೀರಿ. ಅದನ್ನು ಓದಿ ಸುಮ್ನೆ ಇರೋಕೆ ಆಗಲಿಲ್ಲ. ಹಗ್ಗದ ತಪ್ಪು ನಾನೂ ಮಾಡಿದ್ದೆ.

ಆಗ ನಾನೂ ವರ್ಗದ ನಂಬರನ್ನಷ್ಟೇ ನೋಡಿದ್ದೆ. ಹಗ್ಗಗಳನ್ನು ವೀಣೆ ತಂತಿಯ ಹಾಗೆ ಎಳೆದು ಕಟ್ಟಿ ಒಳನಾಡಿಗೆ ಹೋದೆ. ಗಾಳಿಗೆ ದೋಣಿ ಜಗ್ಗಲಿಲ್ಲ. ಆದರೆ ನೀರು ಏರಿತು. ದೋಣಿ ಮೇಲೇಳಬೇಕು, ಹಗ್ಗ ಬಿಡಲಿಲ್ಲ. ಮುಂದಿನ ಎರಡು ಕ್ಲೀಟ್, ಅಂದರೆ ದೋಣಿಯಲ್ಲಿ ಹಗ್ಗ ಸುತ್ತಿ ಕಟ್ಟುವ ಕೊಂಡಿಗಳು, ಬುಡದ ಮರದ ಸಮೇತ ಕಿತ್ತು ಬಂದವು, ಹಿಂದಿನವು ಗಟ್ಟಿಯಾಗಿ ಹಿಡಿದುಕೊಂಡವು. ಮೂತಿ ಮೇಲೆ, ಹಿಂಭಾಗ ನೀರೊಳಗೆ. ನಾನು ವಾಪಸ್ ಬಂದಾಗ ಕ್ಲೀಟ್ ಇನ್ನೂ ಹಗ್ಗದ ತುದಿಯಲ್ಲಿ ನೇತಾಡುತ್ತಿತ್ತು, ಗಂಟು ಸ್ವಲ್ಪವೂ ಸಡಿಲವಾಗಿರಲಿಲ್ಲ. ಆ ಗಂಟಿನ ಮೇಲೆ ಎಷ್ಟು ಹೆಮ್ಮೆ ಇತ್ತು ನನಗೆ!

ಹರಿಕೇನ್ ಅನ್ನೋ ಕಡಲ ಬಿರುಗಾಳಿಗೆ ಕೊಡುವ 1ರಿಂದ 5ರವರೆಗಿನ ವರ್ಗ ಹೇಳೋದು ಗಾಳಿಯ ವೇಗ ಮಾತ್ರ. ಗಂಟೆಗೆ 119ರಿಂದ 153 ಕಿ.ಮೀ. ಇದ್ದರೆ ವರ್ಗ 1. ಕಡಲು ಎಷ್ಟು ಏರುತ್ತೆ, ಮಳೆ ಎಷ್ಟು ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. 2004ರ ಚಾರ್ಲಿ ಹರಿಕೇನ್ ವರ್ಗ 4, ಆದರೆ ಚಿಕ್ಕ ಸುಳಿ. ಫ್ಲೋರಿಡಾದಲ್ಲಿ ನೀರು ಏರಿದ್ದು ಸುಮಾರು 2 ಮೀಟರ್. 2008ರ ಐಕ್ ಬರೀ ವರ್ಗ 2, ಆದರೆ ಅಗಲ ವಿಪರೀತ. ಟೆಕ್ಸಸ್‌ನ ಬೊಲಿವಾರ್‌ನಲ್ಲಿ 4.5 ಮೀಟರಿಗಿಂತ ಜಾಸ್ತಿ ಏರಿ ಮನೆಗಳ ಸಾಲನ್ನೇ ಗುಡಿಸಿ ಹಾಕಿತು. ಸುಳಿ ದೊಡ್ಡದಿದ್ದು ದಡದ ಹತ್ತಿರ ಕಡಲು ಆಳ ಇಲ್ಲದಿದ್ದರೆ, ಗಾಳಿ ತಳ್ಳಿದ ನೀರಿಗೆ ಮೇಲೇರದೆ ಬೇರೆ ದಾರಿ ಇಲ್ಲ.

ಈಗ ಹಗ್ಗ. ನೈಲಾನೇ ಬೇಕು, ಅದು ಹಿಗ್ಗುತ್ತೆ. ಡೈನೀಮಾ ಅನ್ನೋ ದುಬಾರಿ ನಾರಿನ ಹಗ್ಗ ಗಟ್ಟಿ, ಒಪ್ಪಿದೆ, ಆದರೆ ಹಿಗ್ಗೋದಿಲ್ಲ, ಎಳೆತ ಎಲ್ಲ ಕ್ಲೀಟಿಗೇ ಹೋಗುತ್ತೆ. ಅಗ್ಗದ ಪಾಲಿಪ್ರೊಪಿಲೀನ್ ಬಿಸಿಲಿಗೇ ಪುಡಿಯಾಗುತ್ತೆ, ಅದರ ಸುದ್ದಿ ಬೇಡ. ಪಕ್ಕದ ಕಂಬಕ್ಕೆ ಕಟ್ಟಬೇಡಿ. ಎದುರು ಬದಿಯ ದೂರದ ಕಂಬಗಳಿಗೆ ಅಡ್ಡಡ್ಡ, ಜೇಡರ ಬಲೆಯ ಹಾಗೆ ಹಾಕಿ. ಹಗ್ಗ ಉದ್ದ ಇದ್ದಷ್ಟೂ ದೋಣಿ ಮೇಲೇರೋಕೆ ಜಾಗ ಸಿಗುತ್ತೆ. ಉಜ್ಜುವ ಕಡೆ ಹಳೆ ಫೈರ್ ಹೋಸ್ ತುಂಡು ತೊಡಿಸಿ. ಆದರೆ ಅಕ್ಕಪಕ್ಕ ಜಾಗ ಇಲ್ಲದಿದ್ದರೆ ಉದ್ದ ಹಗ್ಗವೂ ಕೆಲಸಕ್ಕೆ ಬಾರದು, ಪಕ್ಕದ ದೋಣಿಗೆ ಹೋಗಿ ಗುದ್ದುತ್ತೆ. ತೇಲುವ ಕಟ್ಟೆಯಾದರೆ ಅದನ್ನು ಹಿಡಿದಿರುವ ಕಂಬದ ಎತ್ತರ ಅಳೆಯಿರಿ. ನೀರು ಅದನ್ನು ದಾಟಿದರೆ ಕಟ್ಟೆಯೇ ಕಳಚಿ, ದೋಣಿಗಳ ಸಮೇತ ಹೊರಡುತ್ತೆ. ಇಷ್ಟೆಲ್ಲ ಹೇಳಿದರೂ, ಟ್ರೇಲರ್ ಇದ್ದರೆ ದೋಣಿ ಎಳೆದುಕೊಂಡು ಒಳಗೆ ಹೋಗೋದೇ ಮೇಲು.

ದೋಣಿಯಲ್ಲಿ ಮಲಗುವ ವಿಚಾರ ಬಿಟ್ಟೇ ಬಿಡಿ. ಬೈಯುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ. ಅಮೆರಿಕದಲ್ಲಿ 1963ರಿಂದ 2012ರವರೆಗೆ ಇಂಥ ಬಿರುಗಾಳಿಗಳಿಗೆ ನೇರವಾಗಿ ಸಿಕ್ಕಿ ಸತ್ತವರಲ್ಲಿ ಹತ್ತಕ್ಕೆ ಒಂಬತ್ತು ಜನರನ್ನು ಕೊಂದಿದ್ದು ನೀರು. ಅದರಲ್ಲೂ ಕಡಲುಬ್ಬರದ್ದೇ, ಅಂದರೆ ಬಿರುಗಾಳಿ ದಡಕ್ಕೆ ತಳ್ಳಿ ಏರಿಸುವ ನೀರಿನದ್ದೇ, ದೊಡ್ಡ ಪಾಲು. "ಹಿಂದಿನ ಸಲ ಏನೂ ಆಗಲಿಲ್ಲ" ಅನ್ನೋದೂ ಲೆಕ್ಕಕ್ಕಿಲ್ಲ. 1969ರ ಕ್ಯಾಮಿಲ್ ಹರಿಕೇನ್‌ನಲ್ಲಿ ಬದುಕಿದ ಮಿಸಿಸಿಪ್ಪಿ ರಾಜ್ಯದ ಕಡಲ ದಡದವರು ಎಷ್ಟೋ ಜನ ಅದೇ ಧೈರ್ಯದಲ್ಲಿ 2005ರಲ್ಲಿ ಕತ್ರಿನಾಗೂ ಮನೆಯಲ್ಲೇ ಕೂತರು. ಕ್ಯಾಮಿಲ್ ವರ್ಗ 5, ಕತ್ರಿನಾ ದಡ ಮುಟ್ಟಿದಾಗ ವರ್ಗ 3. ನೀರು ಮಾತ್ರ ಕತ್ರಿನಾದ್ದೇ ಜಾಸ್ತಿ, 8 ಮೀಟರ್ ದಾಟಿತ್ತು.

ಮಧ್ಯದಲ್ಲಿ ಗಾಳಿ ತಟ್ಟನೆ ನಿಂತರೆ ಹಗ್ಗ ನೋಡಿ ಬರೋಣ ಅಂತ ಇಳಿಯಬೇಡಿ. ಅದು ಬಿರುಗಾಳಿಯ ಕಣ್ಣು, ಸುಳಿಯ ನಡುವಿನ ಶಾಂತ ಜಾಗ. ದಾಟಿದ ಮೇಲೆ ಗಾಳಿ ಎದುರು ದಿಕ್ಕಿನಿಂದ ಬಡಿಯುತ್ತೆ. ವಿಂಡಿ ಆ್ಯಪ್ ಗಾಳಿ ನೋಡೋಕೆ ಚೆಂದ, ನನ್ನ ಫೋನಲ್ಲೂ ಇದೆ. ಮನೆ ಬಿಡೋದಾ ಬೇಡವಾ ಅನ್ನೋಕೆ ಮಾತ್ರ ಸರ್ಕಾರಿ ಕಡಲುಬ್ಬರದ ನಕ್ಷೆ ನೋಡಿ.

ಇನ್ನೊಂದು. ಎಲ್ಲ ಮುಗಿದ ಮೇಲೆ ಗೊತ್ತಿರೋ ದಾರಿ ಅಂತ ದೋಣಿ ಓಡಿಸಬೇಡಿ. ಮರಳು ಜಾಗ ಬದಲಿಸಿರುತ್ತೆ. 2003ರ ಇಸಬೆಲ್ ಹರಿಕೇನ್ ಅಮೆರಿಕದ ಹ್ಯಾಟರಸ್ ದ್ವೀಪವನ್ನೇ ಸೀಳಿ ನಡುವೆ ಹೊಸ ಕಾಲುವೆ ತೆರೆದಿತ್ತು. ನಿಮ್ಮ ದೋಣಿಯ ಗಾರ್ಮಿನ್ ಜಿಪಿಎಸ್ ನಕ್ಷೆಯಲ್ಲಿ ಹಳೆ ಆಳವೇ ಇರುತ್ತೆ. ಜನರೇಟರ್ ಹಾಕೋದಿದ್ದರೆ ಮನೆಯಿಂದ ದೂರ, ಹೊರಗೆ. ಗ್ಯಾರೇಜಲ್ಲೂ ಬೇಡ, ಆ ಹೊಗೆಯಲ್ಲಿರೋ ವಿಷಾನಿಲ ಮೂಗಿಗೆ ಗೊತ್ತಾಗದೆ ಕೊಲ್ಲುತ್ತೆ.

ಆ ಫೋಟೋದಲ್ಲಿ ಕಂಬದ ತುದಿ ಕಾಣುತ್ತಿಲ್ಲ. ಈಗಲೇ, ದಿನದ ಮಾಮೂಲಿ ಉಬ್ಬರದ ಹೊತ್ತಲ್ಲಿ ನೀರಿನಿಂದ ತುದಿಯವರೆಗೆ ಟೇಪ್ ಹಿಡಿದು ಅಳತೆ ಹಾಕಿ, ಹಗ್ಗ ಎಷ್ಟು ಬಿಡಬೇಕು ಅಂತ ಹೇಳುತ್ತೇನೆ.