ಕಾಂಕ್ರೀಟ್ ನೆಲ ಬೇಗ ಒಣಗಲು ಹೀಟರ್ ಇಡಬೇಕಾ, ಫ್ಯಾನ್ ಇಡಬೇಕಾ?

ಕಾಂಕ್ರೀಟ್ ಹಾಕಿ ಆರು ವಾರವಾಗಿದೆ, ಮೇಲೆಲ್ಲ ಬೆಳ್ಳಗೆ ಒಣಗಿದೆ, ಇನ್ನು ಮರದ ಹಲಗೆ ಕೂರಿಸಬೇಕು ಅಂತ ಬರೆದಿದ್ದೀರಿ. ದಯವಿಟ್ಟು ಬಡಗಿಗೆ ದಿನ ಗೊತ್ತು ಮಾಡಬೇಡಿ. ನಾನೂ ಸರಿಯಾಗಿ ಆರು ವಾರಕ್ಕೇ ಹಾಕಿಸಿದ್ದೆ.

ನಮ್ಮದು ನಾಲ್ಕು ಇಂಚು ದಪ್ಪದ ನೆಲ. ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿತ್ತು. ಹಲಗೆ ಕೂರಿಸಿದ ದಿನ ಎಷ್ಟು ಚೆನ್ನಾಗಿತ್ತು ಅಂದರೆ ಚಪ್ಪಲಿ ಹಾಕಿ ಯಾರನ್ನೂ ಒಳಗೆ ಬಿಡಲಿಲ್ಲ. ಮೂರು ವಾರ ಕಳೆಯಿತು. ಬರಿಗಾಲಲ್ಲಿ ನಡೆದರೆ ಪ್ರತಿ ಸಂದಿಯಲ್ಲೂ ಅಂಚು ಕಾಲಿಗೆ ತಗಲತೊಡಗಿತು. ಒಂದೊಂದು ಹಲಗೆಯೂ ಅಂಗಾತ ಇಟ್ಟ ನಾಡಹಂಚಿನ ಹಾಗೆ ನಡುವೆ ತಗ್ಗಿ, ಎರಡೂ ಬದಿ ಎದ್ದಿತ್ತು. ಒಂದನ್ನು ಕಿತ್ತು ನೋಡಿದೆ. ಹಾಕುವಾಗ ಬೆಳ್ಳಗಿದ್ದ ಕಾಂಕ್ರೀಟ್ ಕಪ್ಪಗಾಗಿತ್ತು. ಪೈಪ್ ಸೋರುತ್ತಿದೆ ಅಂತ ಒಂದು ವಾರ ಹುಡುಕಿದೆ. ಪೈಪ್ ಸರಿಯಾಗೇ ಇತ್ತು.

ತಪ್ಪಾಗಿದ್ದು ನನ್ನ ಲೆಕ್ಕದಲ್ಲಿ. 28 ದಿನಕ್ಕೆ ಕಾಂಕ್ರೀಟ್ ತಯಾರು ಅಂತ ಎಲ್ಲರ ಬಾಯಲ್ಲೂ ಕೇಳಿದ್ದೆ. ಅದಕ್ಕಿಂತ ಎರಡು ವಾರ ಜಾಸ್ತಿಯೇ ಕಾದಿದ್ದೇನೆ ಅಂದುಕೊಂಡೆ. ಆದರೆ ಆ 28 ದಿನ ಬಲ ಪರೀಕ್ಷೆಯ ಲೆಕ್ಕ, ಒಣಗುವ ಲೆಕ್ಕವಲ್ಲ. ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ, ನೀರಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಮೊದಲ ದಿನಗಳಲ್ಲಿ ನೀರು ಹಾಕಿ ಕ್ಯೂರಿಂಗ್ ಮಾಡುವುದು ಅದಕ್ಕೇ. ಕಲಸಿದ ನೀರಲ್ಲಿ ಸಿಮೆಂಟ್ ಹಿಡಿದುಕೊಂಡು ಮಿಕ್ಕಿದ್ದು ಒಳಗಿನ ಸಣ್ಣ ತೂತುಗಳಲ್ಲಿ ಕೂತಿರುತ್ತದೆ. ಅಡಿಗೆ ಪ್ಲಾಸ್ಟಿಕ್ ಇದ್ದರೆ ಅದಕ್ಕೆ ಮೇಲಿನದೊಂದೇ ದಾರಿ. ಮೇಲ್ಪದರ ಬೇಗ ಒಣಗುತ್ತದೆ, ನಮ್ಮ ಕಣ್ಣಿಗೆ ಬೀಳುವುದೂ ಅದೇ. ಎರಡು ಇಂಚು ಕೆಳಗೆ ಇನ್ನೂ ಒದ್ದೆ. ಅದರ ಮೇಲೆ ಹಲಗೆ ಮುಚ್ಚಿದರೆ ಆವಿ ಸುಲಭವಾಗಿ ಹೊರಗೆ ಹೋಗಲಾರದು. ಆಗ ಕೆಳಗಿನ ತೇವ ಮೆಲ್ಲಗೆ ಏರಿ, ಒಣಗಿದ್ದ ಮೇಲ್ಪದರವೂ ಮತ್ತೆ ಒದ್ದೆಯಾಗುತ್ತದೆ. ಹಲಗೆಯ ಕೆಳಮೈ ಆ ತೇವ ಕುಡಿದು ಹಿಗ್ಗುತ್ತದೆ, ಮೇಲ್ಮೈ ಹಾಗೇ ಇರುತ್ತದೆ. ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಮ್ಮಿ, ಹಿಗ್ಗುವುದೆಲ್ಲ ಅಗಲಕ್ಕೆ. ಅಂಚು ಏಳದೆ ಇನ್ನೇನು ಮಾಡೀತು?

ಇಷ್ಟಾದರೂ ನಾನು ಕಾಯಲಿಲ್ಲ. ಎದ್ದ ಅಂಚನ್ನು ಮೆಷಿನ್‌ನಲ್ಲಿ ಉಜ್ಜಿಸಿ ಮಟ್ಟ ಮಾಡಿಸಿದೆ. ಮುಂದೆ ಕೆಲವು ತಿಂಗಳಲ್ಲಿ ತೇವ ಸಂದಿಗಳಿಂದ ಆರಿತು, ಹಲಗೆ ತನ್ನ ಮೊದಲಿನ ಆಕಾರಕ್ಕೆ ಬಂತು. ಆದರೆ ಅಂಚು ಆಗಲೇ ಸವೆದಿತ್ತಲ್ವಾ? ಈಗ ನಡು ಉಬ್ಬು, ಬದಿ ತಗ್ಗು. ಸುಮ್ನೆ ಬಿಟ್ಟಿದ್ದರೆ ಬಹುಪಾಲು ತಾನಾಗಿ ಸರಿಹೋಗುತ್ತಿತ್ತು. ಪೂರ್ತಿ ಕೀಳಿಸಿ ಹೊಸದು ಹಾಕಿಸಿದೆ.

ಹಾಗಾಗಿ ಹೀಟರಾ, ಫ್ಯಾನಾ ಅಂತ ಕೇಳುವುದೇ ಸರಿಯಲ್ಲ. ಕಿಟಕಿ ಮುಚ್ಚಿ ಹೀಟರ್ ಉರಿಸಿದರೆ ಆವಿ ಕೋಣೆಯಲ್ಲೇ ತುಂಬಿಕೊಳ್ಳುತ್ತದೆ. ಅದು ಹೊರಗೆ ಹೋಗಬೇಕು, ಇಲ್ಲವೇ ಗಾಳಿಯ ತೇವ ಹೀರುವ ಯಂತ್ರ ಇಡಬೇಕು. ಏನೇ ಇಟ್ಟರೂ ಒಳಗಿನ ತೇವ ಅಳೆಯದೆ ಮುಂದುವರಿಯಬೇಡಿ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಅಂದಾಜು ಅಷ್ಟೇ. ಅದನ್ನೂ ಕ್ಯೂರಿಂಗ್ ನಿಂತು, ಮಳೆನೀರು ಬೀಳದ ಹಾಗೆ ಮೇಲೆ ಸೂರು ಮುಚ್ಚಿದ ದಿನದಿಂದ ಎಣಿಸಬೇಕು, ಕಾಂಕ್ರೀಟ್ ಸುರಿದ ದಿನದಿಂದಲ್ಲ.

ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಬದಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಅಡಿಯಲ್ಲಿ ಹನಿ ಕಂಡರೆ ಅಥವಾ ನೆಲ ಕಪ್ಪಾದರೆ ಹಾಕಲೇಬೇಡಿ. ಏನೂ ಕಾಣದಿದ್ದರೂ ಒಣಗಿದೆ ಅಂತ ನಂಬಬೇಡಿ, ಆಳದ ಸುದ್ದಿ ಅದಕ್ಕೆ ಗೊತ್ತಾಗುವುದಿಲ್ಲ. ದಪ್ಪದ 40% ಆಳಕ್ಕೆ ತೂತು ಕೊರೆದು, ತೇವ ಅಳೆಯುವ ಕಡ್ಡಿ ಇಳಿಸಿ ನೋಡುವುದೇ ಸರಿ. ನಾಲ್ಕು ಇಂಚಿನ ನೆಲಕ್ಕೆ ಸುಮಾರು 40 ಮಿ.ಮೀ. ಎರಡನೇ ಸಲ ಹಾಗೇ ಅಳೆಸಿ, ಹಲಗೆ ತಯಾರಿಸಿದವರು ಹೇಳಿದ ಮಿತಿಗಿಂತ ಕೆಳಗೆ ಬಂದ ಮೇಲೇ ಬಡಗಿಯನ್ನು ಕರೆದೆ.

ಕಾಯಲು ಆಗುವುದೇ ಇಲ್ಲ ಅಂದರೆ ಮರದ ಆಸೆ ಬಿಟ್ಟು ಟೈಲ್ಸ್ ಹಾಕಿಸಿ. ಅದು ಮರದಷ್ಟು ತೇವಕ್ಕೆ ಹೆದರುವುದಿಲ್ಲ. ನಿಮ್ಮ ನೆಲ ಎಷ್ಟು ದಪ್ಪ, ಅಡಿಗೆ ಹಾಳೆ ಹಾಸಿದ್ದಾರಾ? ತಿಳಿಸಿದರೆ ಎಷ್ಟು ಕಾಯಬೇಕಾದೀತು ಅಂತ ಒಟ್ಟಿಗೆ ಲೆಕ್ಕ ಹಾಕೋಣ.